ಮುಂದಿನ ಗೇರಿನ ಪೂರ್ವೋತ್ತರ

ಶ್ರೀರಂಗಪಟ್ಟಣದಿಂದ ಉತ್ತರಕ್ಕೆ ಹೊರಟು, ಪಾಂಡವಪುರ ಜಕ್ಕನಹಳ್ಳಿಗಳನ್ನು ಹಾದು ನಾಗಮಂಗಲವನ್ನು ಸೇರಿ, ಅಲ್ಲಿಂದ ಮುಂದೆ ನಾಡಿನ ಉದ್ದಕ್ಕೂ ಬೆಳೆದು ಬೀದರನ್ನು ಮುಟ್ಟುವುದೆಂದು ಹೆಸರಾದ ಹೆದ್ದಾರಿಯೊಂದುಂಟು. ಅದರ ಮೊದಲ ಭಾಗ ನಾಲೆಗಳ ಸೀಮೆ: ಅರಸರ ಕಾಲದ ಚಿಕ್ಕದೇವರಾಯ ಸಾಗರ ನಾಲೆ, ಬಂಗಾರದೊಡ್ಡಿ ನಾಲೆಗಳಿಂದ ಮೊದಲ್ಗೊಂಡು ಕನ್ನಂಬಾಡಿಯ ಅಣೆಕಟ್ಟಿನಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯವರೆಗೆ, ನೀರು ತನ್ನ ಮಟ್ಟವನ್ನು ಹಿಡಿದು ನಿಧಾನವಾಗಿ ಹರಿಯುವ ಗದ್ದೆ ಕಬ್ಬುಗಳ ನೆಲ. ಪಾಂಡವಪುರ ದಾಟಿದ ಮೇಲೆ ನೆಲ ತಲೆಯೆತ್ತತೊಡಗುತ್ತದೆ. ಎಡಗಡೆ ಮೇಲುಕೋಟೆಯ ಬೆಟ್ಟಸಾಲು, ಬಲಗಡೆ ಕುರುಚಲು ಗುಡ್ಡಗಳು, ನಡುವೆ ರಾಗಿ ಹುರುಳಿಗಳ ಬೆದ್ದಲು. ಪಶ್ಚಿಮಕ್ಕೆ ತಿರುಗಿದರೆ ಹೇಮಾವತಿಯ ಬಯಲಿನ ಕೃಷ್ಣರಾಜಪೇಟೆ, ಇಳಿದದ್ದನ್ನೆಲ್ಲ ಮತ್ತೆ ಏರಿಸುವ ದಿಣ್ಣೆ ಹಳ್ಳಗಳ ಸೀಮೆ. ಈ ನೆಲದ ನಿಜಸ್ವರೂಪ ಮೋಟಾರಿನಲ್ಲಿ ಕುಳಿತವನಿಗೆ ತೋರುವ ಪ್ರಮೇಯವೇ ಇಲ್ಲ. ಗಾಡಿ ಹೊಡೆದವನಿಗೆ ಅದು ಗೊತ್ತು. ಬೈಸಿಕಲ್ ತುಳಿದವನಿಗೆ ಇನ್ನೂ ಚೆನ್ನಾಗಿ ಗೊತ್ತು.

ನಾನು ಬರೆಯಹೊರಟಿರುವುದು ಬೈಸಿಕಲ್ಲಿನ ಅತ್ಯಲ್ಪವಾದ ಒಂದು ಅಂಗವನ್ನು ಕುರಿತು. ಪೆಡಲಿನ ಬಳಿ ಎರಡು ಹಲ್ಲುಚಕ್ರಗಳನ್ನು ಜೋಡಿಸಿ, ಅವುಗಳ ನಡುವೆ ಚೈನನ್ನು ಅತ್ತಿಂದಿತ್ತ ತಳ್ಳುವುದಕ್ಕೆಂದು ಲೋಹದ ಎರಡು ತಗಡುಗಳ ಒಂದು ಪಂಜರವನ್ನು ಕಟ್ಟಿರುತ್ತಾರಷ್ಟೆ. ಅದನ್ನು ಶಾಪಿನವರು ‘ಮುಂದಿನ ಗೇರು’ ಎನ್ನುವರು, ರೋಡ್ ಬೈಕಿನ ಹುಡುಗರು ‘ಫ್ರಂಟ್ ಡಿರೇಲರ್’ ಎನ್ನುವರು. ಅದು ಕೆಡುವ ಬಗೆ ಮತ್ತು ಅದನ್ನು ಸರಿಪಡಿಸುವ ಕ್ರಮ ಇವೆರಡರಲ್ಲಿಯೂ ಈ ಸೀಮೆಯ ಸೈಕಲ್ ಕಸುಬಿನ ಚರಿತ್ರೆ ಅಡಗಿದೆಯೆಂಬುದು ನನ್ನ ಅಭಿಪ್ರಾಯ. ವಸ್ತು ಹೊಸತು, ಸಂದೇಹವಿಲ್ಲ. ಆದರೆ ಅದನ್ನು ನೋಡುವ ಕಣ್ಣು, ಮುಟ್ಟುವ ಕೈ ಹಳೆಯವು.

ಕಸುಬಿನ ಬೇರುಗಳನ್ನು ಹುಡುಕುವವನು ಬೈಸಿಕಲ್ಲಿಗಿಂತ ಹಿಂದಕ್ಕೆ ಹೋಗಬೇಕು. ದಿವಾನ್ ಪೂರ್ಣಯ್ಯನವರು ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಮೇಲೆ ಕಲ್ಲಿನ ಕಂಬಗಳ ವೆಲ್ಲೆಸ್ಲಿ ಸೇತುವೆಯನ್ನು 1804ರಲ್ಲಿ ಮುಗಿಸಿದಾಗ ಅದರ ಮೇಲೆ ಹಾದುಹೋದವು ಎತ್ತಿನ ಗಾಡಿಗಳು. ಗಾಡಿಯಿದ್ದಲ್ಲೆಲ್ಲ ಚಕ್ರ ಕೂಡಿಸುವ ಬಡಗಿಯೂ, ಅದಕ್ಕೆ ಕಾಯಿಸಿದ ಕಬ್ಬಿಣದ ಪಟ್ಟಿಯನ್ನು ತೊಡಿಸಿ ನೀರೆರೆದು ಬಿಗಿಯುವ ಕಮ್ಮಾರನೂ ಇದ್ದರು. ಚಕ್ರ ಅಚ್ಚಿನ ಮೇಲೆ ಓಲಾಡುತ್ತಿದೆಯೆ, ಕಡಾಣಿ ಸವೆದಿದೆಯೆ, ಕೀಲೆಣ್ಣೆ ಒಣಗಿದೆಯೆ ಎಂಬುದನ್ನು ಅವರು ಕಣ್ಣಿಗಿಂತ ಮೊದಲು ಕಿವಿಯಿಂದ ತಿಳಿಯುತ್ತಿದ್ದರು. ನಾಗಮಂಗಲದಲ್ಲಿ ಕಂಚು ಹಿತ್ತಾಳೆಗಳನ್ನು ಎರಕ ಹೊಯ್ಯುವ ಮನೆತನಗಳಿದ್ದವು. ಮೇಣದ ಬೊಂಬೆಗೆ ಮಣ್ಣು ಮೆತ್ತಿ, ಮೇಣವನ್ನು ಕರಗಿಸಿ ತೆಗೆದು, ಉಳಿದ ಪೊಳ್ಳಿನೊಳಕ್ಕೆ ಲೋಹವನ್ನು ಹೊಯ್ದು, ತಣಿದ ಮೇಲೆ ಅರದಿಂದ ಉಜ್ಜಿ ಹದಗೊಳಿಸುವ ಆ ಶಿಲ್ಪಕ್ಕೆ ಕೂದಲೆಳೆಯ ವ್ಯತ್ಯಾಸವನ್ನೂ ಬೆರಳ ತುದಿಯಿಂದ ಗುರುತಿಸುವ ಅಭ್ಯಾಸ ಬೇಕಾಗಿತ್ತು.

ಇನ್ನೂ ಒಂದು ಸಂಗತಿಯನ್ನು ಇಲ್ಲಿ ಹೇಳದೆ ಬಿಡಲಾರೆ. 1800ರಲ್ಲಿ, ಟಿಪ್ಪೂ ಸುಲ್ತಾನನು ಮಡಿದ ಮರುವರ್ಷ, ಮೈಸೂರು ಸೀಮೆಯನ್ನು ಸುತ್ತಿ ಕಂಡದ್ದನ್ನೆಲ್ಲ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ನನು, ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಹೋಗುವ ದಾರಿಯ ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದರೆಂದೂ, ಆ ತಂತಿ ಭಾರತದ ದೂರದ ಪ್ರದೇಶಗಳಿಗೂ ಹೋಗುತ್ತಿತ್ತೆಂದೂ ದಾಖಲಿಸಿದ್ದಾನೆ. ಹಾಗೆಯೇ, 1788ರಲ್ಲಿ ಟಿಪ್ಪೂವಿನ ರಾಯಭಾರಿಗಳು ವರ್ಸೇಲ್ಸಿನಲ್ಲಿ ಹದಿನಾರನೆಯ ಲೂಯಿಯನ್ನು ಕಂಡು ಹಿಂದಿರುಗುವಾಗ ಕುಶಲಕರ್ಮಿಗಳ ಒಂದು ತಂಡವನ್ನು ಜೊತೆಗೆ ಕರೆತಂದರು. ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಹಿರೋಡೆಗೆ ಬ್ರಿಟಿಷರ ಕಾಲದಲ್ಲಿ ಫ್ರೆಂಚ್ ರಾಕ್ಸ್ ಎಂಬ ಹೆಸರೇ ನಿಂತುಹೋಗಿತ್ತು. ಇಂದಿನ ಪಾಂಡವಪುರವೆಂದರೆ ಅದೇ. ಮುಂದಿನ ಗೇರೆಂಬುದು ಫ್ರಾನ್ಸಿನ ಕೂಸು, ಅದು ನಡೆಯುವುದು ಉಕ್ಕಿನ ತಂತಿಯ ಬಲದಿಂದ. ಆ ಹಳೆಯ ಸಂಗತಿಗಳಿಗೂ ಈ ಗೇರಿಗೂ ನೇರವಾದ ಸಂಬಂಧವನ್ನು ಕಲ್ಪಿಸುವುದು ಚರಿತ್ರೆಯಲ್ಲ, ಬರಿಯ ಚಪಲ. ಆದರೂ ಆ ಚಪಲವನ್ನು ಪೂರ್ತಿಯಾಗಿ ತಡೆದುಕೊಳ್ಳುವಷ್ಟು ಸಂಯಮ ನನಗಿಲ್ಲ.

ಬೈಸಿಕಲ್ಲು ಹುಟ್ಟಿದ ಕಥೆಯನ್ನು ಬೇಗ ಮುಗಿಸಬಹುದು. ಜರ್ಮನಿಯ ಕಾರ್ಲ್ ಡ್ರೈಸನು 1817ರಲ್ಲಿ ಕಾಲಿನಿಂದ ನೆಲವನ್ನು ಒದ್ದು ಓಡಿಸುವ ಎರಡು ಚಕ್ರದ ಮರದ ಗಾಡಿಯನ್ನು ಮಾಡಿದನು. 1860ರ ದಶಕದಲ್ಲಿ ಪ್ಯಾರಿಸ್ಸಿನವರು ಅದಕ್ಕೆ ಪೆಡಲ್ ಕೂಡಿಸಿದರು. 1885ರಲ್ಲಿ ಇಂಗ್ಲೆಂಡಿನ ಕೋವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿಯು ಬಹುಮಟ್ಟಿಗೆ ಸಮಗಾತ್ರದ ಚಕ್ರಗಳನ್ನೂ ಹಿಂಚಕ್ರಕ್ಕೆ ಚೈನನ್ನೂ ಇಟ್ಟು ‘ರೋವರ್’ ಎಂಬ ವಾಹನವನ್ನು ಹೊರತಂದನು. 1888ರಲ್ಲಿ ಡನ್‌ಲಪ್ಪನು ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದನು. ಇಂದು ಕೃಷ್ಣರಾಜಪೇಟೆಯ ಸಂತೆಗೆ ಸೊಪ್ಪು ಹೇರಿಕೊಂಡು ಬರುವ ಸೈಕಲ್ಲಿನ ಆಕಾರ ಆ 1885ರ ಆಕಾರಕ್ಕಿಂತ ಬಹಳ ಬೇರೆಯಲ್ಲ.

ಮೊದಮೊದಲು ವಿಲಾಯಿತಿಯಿಂದ ಹಡಗಿನಲ್ಲಿ ಬರುತ್ತಿದ್ದ ರ‍್ಯಾಲಿ, ಹರ್ಕ್ಯುಲಿಸ್, ಬಿ.ಎಸ್.ಎ. ಸೈಕಲ್ಲುಗಳು ಅಮಲ್ದಾರರ ಕಚೇರಿಯ ಗುಮಾಸ್ತರು, ಶಾಲಾ ಇನ್‌ಸ್ಪೆಕ್ಟರರು, ಅನುಕೂಲಸ್ಥ ಶಾನುಭೋಗರು ಮುಂತಾದವರ ಸೊತ್ತಾಗಿದ್ದವು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಕಾಲ ಬದಲಾಯಿತು. 1949ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್, 1951ರಲ್ಲಿ ಸೋನೀಪತ್ತಿನಲ್ಲಿ ಅಟ್ಲಾಸ್, ಅದರ ಹಿಂದೆಯೇ ಆಸನ್‌ಸೋಲಿನಲ್ಲಿ ಸೆನ್-ರ‍್ಯಾಲಿ, 1956ರಲ್ಲಿ ಲೂಧಿಯಾನದ ಹೀರೋ ಹೀಗೆ ಒಂದಾದ ಮೇಲೊಂದು ಕಾರ್ಖಾನೆಗಳು ಎದ್ದವು. ಇತ್ತ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪಿತವಾಗಿ, ತರುವಾಯ ಪಾಂಡವಪುರದಲ್ಲಿಯೂ ಸಹಕಾರಿ ಕಾರ್ಖಾನೆ ಬಂದು, ನಾಲೆಯ ಬಯಲಿನ ಒಕ್ಕಲಿಗನ ಕೈಯಲ್ಲಿ ಕಬ್ಬಿನ ಹಣ ಓಡಾಡತೊಡಗಿದಾಗ ಅದರಲ್ಲೊಂದು ಪಾಲು ಸೈಕಲ್ ಅಂಗಡಿಗೆ ಹೋದುದರಲ್ಲಿ ಆಶ್ಚರ್ಯವಿಲ್ಲ. ಅಳಿಯನಿಗೆ ವಾಚು, ಸೈಕಲ್ಲು, ಉಂಗುರ ಕೊಡಬೇಕೆಂಬ ಮಾತು ಮದುವೆಯ ಮಾತುಕತೆಗಳಲ್ಲಿ ಸೇರಿದ್ದೂ ಆಗಲೇ. ಪುರಸಭೆಗೆ ವರ್ಷಕ್ಕೊಮ್ಮೆ ತೆರಿಗೆ ತೆತ್ತು ಬಿಲ್ಲೆ ಪಡೆದು ಹ್ಯಾಂಡಲಿನ ಬುಡಕ್ಕೆ ಬಿಗಿಸಬೇಕಾಗಿತ್ತು. ಕತ್ತಲಾದ ಮೇಲೆ ಡೈನಮೋ ಇಲ್ಲದೆ ಹೋಗುವವನೂ, ಹಿಂದೆ ಒಬ್ಬನನ್ನು ಕೂರಿಸಿಕೊಂಡು ‘ಡಬಲ್ಸ್’ ಹೋಗುವವನೂ ಪೋಲೀಸಿನವನನ್ನು ಕಂಡ ಕೂಡಲೆ ಇಳಿದು ತಳ್ಳಿಕೊಂಡು ಹೋಗುವ ಸೌಜನ್ಯವನ್ನು ತೋರಬೇಕಾಗಿತ್ತು.

ಆ ಕಾಲದ ಸೈಕಲ್ ಶಾಪು ಒಂದು ಸಂಸ್ಥೆ. ಗಂಟೆಯ ಲೆಕ್ಕಕ್ಕೆ ಬಾಡಿಗೆ ಸೈಕಲ್ ಕೊಡುವುದು, ನೋಟ್ ಪುಸ್ತಕದಲ್ಲಿ ಹೆಸರು ಹೊತ್ತು ಬರೆದುಕೊಳ್ಳುವುದು, ಬಾಣಲೆಯ ನೀರಿನಲ್ಲಿ ಟ್ಯೂಬನ್ನು ಮುಳುಗಿಸಿ ಗುಳ್ಳೆ ಏಳುವ ಜಾಗವನ್ನು ಗುರುತಿಸುವುದು, ರಿಮ್ಮಿನ ಬೆಂಡ್ ತೆಗೆಯುವುದು, ದಸರೆಯ ಮುಂಚೆ ಓವರಾಯಿಲಿಂಗ್ ಮಾಡಿ ಬಾಲ್ಸುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಗ್ರೀಸು ತುಂಬುವುದು ಇವೆಲ್ಲ ಅಲ್ಲಿನ ನಿತ್ಯನೈಮಿತ್ತಿಕಗಳು. ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡ್ಲು ತುಳಿಯುತ್ತ ಕಲಿತ ಹುಡುಗರು ಚೈನ್ ಕಳಚಿಕೊಂಡು ಅಲ್ಲಿಗೆ ಬರುತ್ತಿದ್ದರು. ಚೈನು ಕಳಚಲು ಕಾರಣಗಳೂ ಕೆಲವೇ: ಚೈನು ಸವೆದು ಉದ್ದವಾಗಿರಬೇಕು, ಇಲ್ಲವೆ ಹಿಂಚಕ್ರ ಓರೆಯಾಗಿ ಕೂತಿರಬೇಕು, ಇಲ್ಲವೆ ಪೆಡಲಿನ ಹಲ್ಲುಚಕ್ರ ಎಲ್ಲೋ ಬಡಿದು ಬಳುಕಿರಬೇಕು, ಇಲ್ಲವೆ ಒಳಗಿನ ಕಪ್ಪಿನಲ್ಲಿ ಬಾಲ್ಸು ಸವೆದು ಅಚ್ಚು ಆಡುತ್ತಿರಬೇಕು. ಶಾಪಿನವನು ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಪೆಡಲನ್ನು ಹಿಮ್ಮುಖವಾಗಿ ಒಂದು ಸುತ್ತು ತಿರುಗಿಸಿ, ಒಂದು ಕಣ್ಣು ಮುಚ್ಚಿ ನೋಡಿದರೆ ಇಷ್ಟರಲ್ಲಿ ಯಾವುದೆಂದು ತಿಳಿಯುತ್ತಿತ್ತು. ಈ ಪರೀಕ್ಷಾಕ್ರಮವೇ ಮುಂದೆ ಗೇರಿನ ಸೈಕಲ್ಲು ಬಂದಾಗ ಉಪಯೋಗಕ್ಕೆ ಬಂದ ಬಂಡವಾಳ.

ಆ ಸೈಕಲ್ಲಿಗೆ ಗೇರು ಬೇಕೆಂದು ಯಾರೂ ಕೇಳಿದವರಿಲ್ಲ. ಮುಂದೆ 44 ಅಥವಾ 48 ಹಲ್ಲು, ಹಿಂದೆ 18ರ ಆಸುಪಾಸಿನ ಫ್ರೀವೀಲ್. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ಲು ಸುಮಾರು ಐದೂವರೆ ಮೀಟರ್ ಮುಂದಕ್ಕೆ. ನಾಲೆಯ ಏರಿಯ ಮೇಲೆ, ಗಂಜಾಂನಿಂದ ಶ್ರೀರಂಗಪಟ್ಟಣದ ಕೋಟೆಯವರೆಗೆ, ರೈಲ್ವೆ ಸ್ಟೇಷನ್ನಿನಿಂದ ಪಾಂಡವಪುರದ ಪೇಟೆಯವರೆಗೆ ಇದು ಧಾರಾಳವಾಗಿ ಸಾಕು. ಮೇಲುಕೋಟೆಯ ಏರು ಬಂದರೆ ಇಳಿದು ತಳ್ಳುವುದು. ಅಲ್ಲಿನ ವೈರಮುಡಿ ಉತ್ಸವಕ್ಕೆ ಹೋಗುವ ಭಕ್ತನು ಬೆಟ್ಟದ ಬುಡದಲ್ಲಿ ಇಳಿದು ತಳ್ಳಿಕೊಂಡು ಹೋಗುವುದನ್ನು ಸೇವೆಯ ಒಂದಂಶವೆಂದೇ ತಿಳಿದಿದ್ದನೆಂದರೂ ತಪ್ಪಾಗದು.

ತಳ್ಳಿಕೊಂಡು ಹೋಗಲು ಒಪ್ಪದ ಜನ ಫ್ರಾನ್ಸಿನಲ್ಲಿದ್ದರು. ಸೇಂತ್-ಎತಿಯೆನ್ ಎಂಬ, ಬೆಟ್ಟಗಳು ಸುತ್ತುವರಿದ ಕೈಗಾರಿಕಾ ನಗರದಲ್ಲಿ ಪಾಲ್ ದ ವಿವೀ ಎಂಬಾತನು ‘ವೆಲೋಸಿಯೋ’ ಎಂಬ ಅಂಕಿತದಿಂದ ಪತ್ರಿಕೆ ನಡೆಸುತ್ತ, ಒಂದೇ ಸೈಕಲ್ಲಿನಲ್ಲಿ ಹಲವು ವೇಗಗಳಿರಬೇಕೆಂದು ಜೀವಮಾನವೆಲ್ಲ ವಾದಿಸಿದನು. ಅವನಿಗೆ ಪ್ರತಿವಾದಿ ‘ಟೂರ್ ದ ಫ್ರಾನ್ಸ್’ ಪಂದ್ಯದ ಸಂಸ್ಥಾಪಕನಾದ ಆಂರಿ ದೆಗ್ರಾಂಜ್. ಗೇರೆಂಬುದು ವಯಸ್ಸಾದವರಿಗೆ, ಪಂದ್ಯ ಗೆಲ್ಲುವುದು ಸ್ನಾಯುಬಲದಿಂದ ಎಂಬುದು ಆತನ ಸಿದ್ಧಾಂತ. ಆ ಸಿದ್ಧಾಂತದ ಬಲದಿಂದ ಚೈನ್ ಸರಿಸುವ ಗೇರು 1937ರವರೆಗೆ ಆ ಪಂದ್ಯದ ಹೊಸ್ತಿಲನ್ನು ತುಳಿಯಲಾರದೆ ಹೋಯಿತು. ಪಂದ್ಯದಲ್ಲಿ ಭಾಗವಹಿಸಿದವರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರವನ್ನು ಬಿಚ್ಚಿ ತಿರುಗಿಸಿ, ಇನ್ನೊಂದು ಮಗ್ಗುಲಿನ ದೊಡ್ಡ ಹಲ್ಲುಚಕ್ರಕ್ಕೆ ಚೈನನ್ನು ಏರಿಸಿಕೊಳ್ಳಬೇಕಾಗಿತ್ತು. ನಿಯಮಗಳನ್ನು ಮಾಡುವವರು ಏರನ್ನು ತುಳಿಯುವವರಲ್ಲವೆಂಬುದು ಎಲ್ಲ ದೇಶಗಳಿಗೂ ಸಮಾನ.

ಹಿಂದಿನ ಗೇರಿನ ಕಥೆ ಜಾಣತನದ ಕಥೆ. ಮುಂದಿನ ಗೇರಿನದು ಬಲಾತ್ಕಾರದ ಕಥೆ. ಹಿಂದೆ ಸಡಿಲವಾಗಿ ಬರುವ ಕೆಳಗಿನ ಚೈನನ್ನು ಸರಿಸಿದರೆ ಸಾಕು. ಮುಂದೆ ತುಳಿತದ ಭಾರವನ್ನೆಲ್ಲ ಹೊತ್ತು ಸೆಟೆದು ನಿಂತ ಮೇಲಿನ ಚೈನನ್ನು ಮಗ್ಗುಲಿಗೆ ನೂಕಬೇಕು. ಆದಿಯಲ್ಲಿ ಇದಕ್ಕಾಗಿ ಸೀಟಿನ ಕೊಳವೆಯ ಬಳಿ ಒಂದು ಸಲಾಕೆಯನ್ನು ಇಟ್ಟಿದ್ದರು. ಸವಾರನು ಓಡುತ್ತಿರುವಾಗಲೇ ಬಗ್ಗಿ, ತೊಡೆಗಳ ನಡುವೆ ಕೈಯಿಳಿಸಿ, ಅದನ್ನು ಅತ್ತ ಇತ್ತ ತಿರುಗಿಸಬೇಕಾಗಿತ್ತು. ಅರ್ನೆಸ್ಟ್ ಬೌಡನ್ ಎಂಬಾತನು 1896ರಲ್ಲಿಯೇ ಪೇಟೆಂಟ್ ಪಡೆದಿದ್ದ, ಕೊಳವೆಯೊಳಗೆ ಓಡುವ ತಂತಿಯು ಕ್ರಮೇಣ ಈ ಸಲಾಕೆಯ ಸ್ಥಾನವನ್ನು ಆಕ್ರಮಿಸಿತು. ಜಪಾನಿನ ಸಕಾಯ್ ನಗರದಲ್ಲಿ 1921ರಲ್ಲಿ ಹುಟ್ಟಿದ ಶಿಮಾನೋ ಕಂಪೆನಿಯು 1984ರಲ್ಲಿ ‘ಟಕ್’ ಎಂದು ಮೆಟ್ಟಲುಮೆಟ್ಟಲಾಗಿ ನಿಲ್ಲುವ ಗೇರನ್ನು, 1990ರಲ್ಲಿ ಬ್ರೇಕಿನ ಹಿಡಿಯಲ್ಲೇ ಗೇರನ್ನು ಅಡಗಿಸಿದ ಲಿವರನ್ನು ಪೇಟೆಗೆ ಬಿಟ್ಟಿತು. ಇಷ್ಟೆಲ್ಲ ಸಂಸ್ಕಾರವಾದರೂ ಆ ಪಂಜರದ ಕರ್ಮ ಬದಲಾಗಲಿಲ್ಲ. ಇಂದಿಗೂ ಅದು ಚೈನನ್ನು ನೂಕುತ್ತದೆ, ಅಷ್ಟೆ. ಇಷ್ಟು ಒರಟು ಕೆಲಸಕ್ಕೆ ಇಷ್ಟು ಸೂಕ್ಷ್ಮವಾದ ಹೊಂದಾಣಿಕೆ ಬೇಕಾಗಿರುವುದೇ ಅದರ ಸಕಲ ವ್ಯಾಧಿಗಳಿಗೂ ಮೂಲ.

ಈಗ ನಮ್ಮ ಸೀಮೆಗೆ ಮರಳೋಣ. ನಮ್ಮ ಹಳೆಯ ಸೈಕಲ್ಲುಗಳ ಬ್ರೇಕು ಸಲಾಕೆಯದು. ಅದರಲ್ಲಿ ತಂತಿಯೇ ಇರಲಿಲ್ಲ. ಹಾಗಾದರೆ ಈ ಶಾಪುಗಳವರು ತಂತಿಯ ವಿದ್ಯೆಯನ್ನು ಎಲ್ಲಿ ಕಲಿತರು? ಮೋಟಾರು ವಾಹನಗಳಿಂದ, ಎಂದು ನನ್ನ ಊಹೆ. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಮೋಟಾರ್ ಸೈಕಲ್ಲುಗಳನ್ನು ಹೊರಬಿಡತೊಡಗಿತು. ಶ್ರೀರಂಗಪಟ್ಟಣದ ಸುತ್ತಲಿನ ರಸ್ತೆಗಳಲ್ಲಿ ಜಾವಾ, ಯೆಜ್ಡಿಗಳ ಸದ್ದು ದಿನಚರಿಯಾಯಿತು. 1972ರಲ್ಲಿ ಲೂನಾ ಬಂತು, ಅದೇ ವರ್ಷ ಚೇತಕ್ ಸ್ಕೂಟರು ಬಂತು. ಸ್ಕೂಟರಿನ ಗೇರು ಎಡಗೈಯ ಹಿಡಿಯಲ್ಲಿ, ತಂತಿಗಳ ಮೂಲಕ. ಅಲ್ಲಿ ತಂತಿ ಸಡಿಲವಾದರೆ ಗೇರು ಸಿಗದು, ಬಿಗಿಯಾದರೆ ಬಿಡದು. ಕೊಳವೆಯೊಳಗೆ ತುಕ್ಕು ಹಿಡಿದರೆ ಎರಡೂ ಆಗದು. ಕ್ಲಚ್ ವೈರಿಗೆ ಎಣ್ಣೆ ಬಿಡುವುದನ್ನೂ, ಎಳೆ ಕಿತ್ತ ವೈರನ್ನು ಬೆರಳಿನಿಂದ ಸವರಿ ಗುರುತಿಸುವುದನ್ನೂ ಕಲಿತ ಕೈಗೆ ಸೈಕಲ್ಲಿನ ಗೇರ್ ವೈರು ಅಪರಿಚಿತವಾಗಿ ಕಾಣುವ ಕಾರಣವಿರಲಿಲ್ಲ.

2006–07ರಿಂದ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚತೊಡಗಿದಾಗ ಬಾಡಿಗೆ ಸೈಕಲ್ಲಿನ ಕಾಲ ಮುಗಿದೇಹೋಗಿತ್ತು. ಶಾಪುಗಳಿಗೆ ಪಂಕ್ಚರಿನ ಕೆಲಸ ಮಾತ್ರ ಒಂದಿಷ್ಟು ಹೆಚ್ಚಿತು. ಅದೇ ದಶಕದ ಕೊನೆಗೆ ಬೇರೊಂದು ಜಾತಿಯ ಸೈಕಲ್ಲು ಈ ರಸ್ತೆಗಳಲ್ಲಿ ಕಾಣಿಸಿಕೊಂಡಿತು. 2008ರಲ್ಲಿ ಆರಂಭವಾದ ಟೂರ್ ಆಫ್ ನೀಲಗಿರೀಸ್ ಮುಂತಾದ ದೀರ್ಘಯಾತ್ರೆಗಳಿಂದ ಉತ್ತೇಜಿತರಾಗಿ ಬೆಂಗಳೂರು ಮೈಸೂರುಗಳ ಉದ್ಯೋಗಸ್ಥರು ಬಾಗಿದ ಹ್ಯಾಂಡಲಿನ ರೋಡ್ ಬೈಕುಗಳನ್ನು ಕೊಂಡು, ಭಾನುವಾರದ ನಸುಕಿನಲ್ಲಿ ಶ್ರೀರಂಗಪಟ್ಟಣ, ಕರಿಘಟ್ಟ, ಪಾಂಡವಪುರ, ಮೇಲುಕೋಟೆ ಎಂದು ಹೊರಡುವುದು ರೂಢಿಯಾಯಿತು. 2023ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಹೊಸ ರೂಪದಲ್ಲಿ ತೆರೆದು, ಆ ಆಗಸ್ಟಿನಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೋಗಳ ಜೊತೆಗೆ ಮೋಟಾರಿಲ್ಲದ ವಾಹನಗಳಿಗೂ ನಿಷೇಧ ಬಂದಮೇಲಂತೂ ಇವರಿಗೆ ಉಳಿದದ್ದು ಸರ್ವೀಸ್ ರಸ್ತೆ ಮತ್ತು ಒಳದಾರಿಗಳು. ಒಳದಾರಿಯೆಂದರೆ ಏರುದಾರಿ, ಏರುದಾರಿಯೆಂದರೆ ಮುಂದಿನ ಗೇರು. ಇವರ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಮುಂದೆ 50 ಮತ್ತು 34 ಹಲ್ಲುಗಳ ಎರಡು ಚಕ್ರ. ದೊಡ್ಡದರಿಂದ ಹಿಂದಿನ 11 ಹಲ್ಲಿನದನ್ನು ತಿರುಗಿಸಿದರೆ ಒಂದು ತುಳಿತಕ್ಕೆ ಒಂಬತ್ತೂವರೆ ಮೀಟರ್; ಚಿಕ್ಕದರಿಂದ 28ರದನ್ನು ತಿರುಗಿಸಿದರೆ ಎರಡೂವರೆ. ಈ ಎರಡೂವರೆ ಮೀಟರಿನ ಕರುಣೆಯಿಲ್ಲದೆ ಸಾಧಾರಣ ಮನುಷ್ಯನು ಮೇಲುಕೋಟೆಯನ್ನು ಕುಳಿತೇ ಏರಲಾರನು.

ಪಾಂಡವಪುರದ ಪೇಟೆಯಲ್ಲಿ, ಟಿ.ವಿ.ಎಸ್. ಮೊಪೆಡ್ಡುಗಳನ್ನೂ ಹಾಲಿನವರ ಸೈಕಲ್ಲುಗಳನ್ನೂ ನೋಡಿಕೊಳ್ಳುವ ಒಂದು ಶಾಪಿನಲ್ಲಿ ಇಂಥ ಸೈಕಲ್ಲೊಂದು ರಿಪೇರಿಗೆ ಬಂದುದನ್ನು ನಾನು ನೋಡಿದೆ. ಸವಾರನು ಯುವಕ, ದೊಡ್ಡ ಚಕ್ರಕ್ಕೆ ಚೈನು ಏರುವುದಿಲ್ಲ, ಏರಿದರೆ ಒಮ್ಮೊಮ್ಮೆ ಹೊರಕ್ಕೆ ಹಾರಿ ಕ್ರ್ಯಾಂಕಿನ ಮೇಲೆ ಬೀಳುತ್ತದೆ ಎಂದು ಅವನ ದೂರು. ಅಷ್ಟರಲ್ಲೇ ಜೇಬಿನಿಂದ ಸಣ್ಣ ಸ್ಕ್ರೂಡ್ರೈವರನ್ನು ತೆಗೆದು ಗೇರಿನ ಮೇಲಿನ ಎರಡು ಸ್ಕ್ರೂಗಳಲ್ಲೊಂದನ್ನು ತಿರುವಲು ಅವನು ಅಣಿಯಾಗಿದ್ದನು.

“ಸ್ಕ್ರೂ ಮುಟ್‌ಬ್ಯಾಡ ಕಣಪ್ಪಾ, ಅದು ಕಡೇಲಿ. ಮೊದ್ಲು ಚಕ್ರ ನೆಟ್ಟಗೈತಾ ನೋಡಾನ,” ಎಂದರು ಶಾಪಿನ ಯಜಮಾನರು.

“ವಿಡಿಯೋದಲ್ಲಿ ಸ್ಕ್ರೂನೇ ತೋರ್ಸಿದ್ರು ಅಣ್ಣ.”

“ಅವ್ರ ಗಾಡಿ ಹೊಸ್ದು. ನಿಂದು ಎಲ್ಲೆಲ್ಲಿ ಬಿದ್ದೈತೋ ಏನೋ.”

ಅನಂತರ ನಡೆದ ಪರೀಕ್ಷೆಯ ಕ್ರಮವನ್ನು ವಿವರವಾಗಿ ಬರೆಯುವುದು ಉಚಿತ, ಏಕೆಂದರೆ ಅದು ಹಳೆಯ ಕ್ರಮವೇ. ಸೈಕಲ್ಲನ್ನು ಸೂರಿನಿಂದ ಇಳಿಬಿಟ್ಟ ಹಗ್ಗಕ್ಕೆ ತೂಗುಹಾಕಿ ಅವರು ಪೆಡಲನ್ನು ಹಿಂದಕ್ಕೆ ತಿರುಗಿಸಿ ದೊಡ್ಡ ಹಲ್ಲುಚಕ್ರ ಪಂಜರದ ಮಗ್ಗುಲಲ್ಲಿ ಓಲಾಡದೆ ಸಾಗುವುದೆ ಎಂದು ನೋಡಿದರು. ಬಳುಕಿದ ಚಕ್ರಕ್ಕೆ ಯಾವ ಹೊಂದಾಣಿಕೆಯೂ ಸಲ್ಲದು, ಒಂದು ಸುತ್ತಿನಲ್ಲಿ ಒಂದು ಕಡೆ ತಾಗಿಯೇ ತೀರುತ್ತದೆ. ಕ್ರ್ಯಾಂಕನ್ನು ಹಿಡಿದು ಅಡ್ಡಡ್ಡಲಾಗಿ ಅಲುಗಿಸಿ ಅಚ್ಚಿನಲ್ಲಿ ಆಟವಿಲ್ಲವೆಂದು ಖಾತ್ರಿ ಮಾಡಿಕೊಂಡರು. ಚೈನಿನ ಮೇಲೆ ಸ್ಕೇಲ್ ಪಟ್ಟಿ ಇಟ್ಟು ಅಳೆದರು. ಲೂಧಿಯಾನದ ಸೈಕಲ್ಲಾಗಲಿ ಜಪಾನಿನ ಗೇರಾಗಲಿ, ಚೈನಿನ ಒಂದು ಮೊಳೆಗೂ ಮುಂದಿನ ಮೊಳೆಗೂ ಅಂತರ ಅರ್ಧ ಅಂಗುಲವೇ. ಬೇರೆಯಾಗಿರುವುದು ಅಗಲ ಮಾತ್ರ. ಇಪ್ಪತ್ತನಾಲ್ಕು ಅಂತರಗಳು ಹನ್ನೆರಡು ಅಂಗುಲಕ್ಕೆ ಸರಿಯಾಗಿ ಬರಬೇಕು. ಅದರ ಮೇಲೆ ಒಂದು ಅಂಗುಲದ ಹದಿನಾರನೆಯ ಭಾಗದಷ್ಟು ಬೆಳೆದಿದ್ದರೆ ಚೈನಿಗೆ ಆಯುಸ್ಸು ತೀರಿತೆಂದೇ ಲೆಕ್ಕ. ಇದರದು ಇನ್ನೂ ತೀರಿರಲಿಲ್ಲ.

ದೋಷ ಸಿಕ್ಕಿದ್ದು ಪಂಜರದ ಸ್ಥಾನದಲ್ಲಿ. ಪಂಜರದ ಹೊರತಗಡು ದೊಡ್ಡ ಚಕ್ರದ ಹಲ್ಲುಗಳಿಗಿಂತ ಒಂದರಿಂದ ಮೂರು ಮಿಲಿಮೀಟರಿನಷ್ಟೇ ಮೇಲಿರಬೇಕು, ಮೇಲಿನಿಂದ ನೋಡಿದಾಗ ಚಕ್ರಕ್ಕೆ ಸಮಾನಾಂತರವಾಗಿರಬೇಕು. ಯಜಮಾನರು ತಗಡಿಗೂ ಹಲ್ಲಿಗೂ ನಡುವೆ ಒಂದು ರೂಪಾಯಿಯ ನಾಣ್ಯವನ್ನು ತೂರಿಸಿದರು; ನಾಣ್ಯವಿರಲಿ, ಕಿರುಬೆರಳ ತುದಿಯೇ ಹೋಗುವಷ್ಟು ಎಡೆಯಿತ್ತು. ಸೈಕಲ್ಲು ಯಾವಾಗಲೋ ಬಿದ್ದೋ, ಕಾರಿನ ಹಿಂದೆ ಕಟ್ಟಿದಾಗ ಒತ್ತಿಯೋ, ಪಂಜರವನ್ನು ಚೌಕಟ್ಟಿಗೆ ಬಿಗಿದ ಪಟ್ಟಿ ಮೇಲಕ್ಕೆ ಸರಿದು ಪಂಜರದ ಬಾಲ ಹೊರಕ್ಕೆ ತಿರುಗಿತ್ತು. ಎತ್ತರವಾದುದರಿಂದ ಚೈನು ಏರಲು ಹಿಂಜರಿಯುತ್ತಿತ್ತು. ಓರೆಯಾದುದರಿಂದ, ಏರಿದ ಚೈನು ಎಲ್ಲೆ ಮೀರಿ ಹಾರುತ್ತಿತ್ತು. ಒಂದೇ ಕಾರಣದಿಂದ ಪರಸ್ಪರ ವಿರುದ್ಧವಾದ ಎರಡು ಲಕ್ಷಣ! ಸ್ಕ್ರೂ ತಿರುವಿದ್ದರೆ ಒಂದು ಲಕ್ಷಣ ಶಮನವಾಗಿ ಇನ್ನೊಂದು ಉಲ್ಬಣವಾಗುತ್ತಿತ್ತು.

ಅವರು ತಂತಿಯನ್ನು ಪೂರ್ತಿಯಾಗಿ ಬಿಚ್ಚಿದರು. ಇದು ಮುಖ್ಯ. ತಂತಿ ಹೊರಕ್ಕೆ ಎಳೆಯುತ್ತದೆ, ಸ್ಪ್ರಿಂಗು ಒಳಕ್ಕೆ ತರುತ್ತದೆ. ತಂತಿ ಬಿಗಿಯಾಗಿರುವಾಗ ಸ್ಪ್ರಿಂಗು ನಿಜವಾಗಿ ಎಲ್ಲಿ ನಿಲ್ಲುವುದೆಂದು ತಿಳಿಯುವುದೇ ಇಲ್ಲ. ಪಟ್ಟಿಯನ್ನು ಸಡಿಲಿಸಿ ಪಂಜರವನ್ನು ಇಳಿಸಿ ನೇರಮಾಡಿ ಬಿಗಿದು, ಚೈನನ್ನು ಮುಂದೆ ಚಿಕ್ಕದಕ್ಕೂ ಹಿಂದೆ ಅತಿ ದೊಡ್ಡದಕ್ಕೂ ಹಾಕಿ, ಆಮೇಲೆ ಒಳಮಿತಿಯ ಸ್ಕ್ರೂವನ್ನು ಹಿಡಿದರು: ಚೈನಿಗೂ ಒಳತಗಡಿಗೂ ನಡುವೆ ಒಂದು ಕಾಗದ ಮಡಿಸಿ ತೂರಿಸುವಷ್ಟು ಎಡೆ ಬಿಟ್ಟು ನಿಲ್ಲಿಸಿದರು. ಅದಕ್ಕೂ ಹೆಚ್ಚು ಬಿಟ್ಟರೆ ಚೈನು ಒಳಕ್ಕೆ ಜಾರಿ ಚೌಕಟ್ಟನ್ನು ಗೀರುತ್ತದೆ. ಕಡಿಮೆ ಬಿಟ್ಟರೆ ಏರಿನಲ್ಲೆಲ್ಲ ಕರಕರ ಎನ್ನುತ್ತದೆ. ಬಳಿಕ ತಂತಿಯನ್ನು ಕೈಯಿಂದ ಸೆಳೆದು ಬೋಲ್ಟಿಗೆ ಕಚ್ಚಿಸಿ, ಚೈನನ್ನು ದೊಡ್ಡದಕ್ಕೆ ಏರಿಸಿ, ಹೊರಮಿತಿಯ ಸ್ಕ್ರೂ. ಕಟ್ಟಕಡೆಯಲ್ಲಿ, ಕೊಳವೆಯ ತುದಿಯ ಗುಂಡಿಯನ್ನು ಕಾಲು ಸುತ್ತು, ಅರ್ಧ ಸುತ್ತು ಎಂದು ತಿರುಗಿಸಿ ತಂತಿಯ ಬಿಗಿಯನ್ನು ತಿದ್ದಿದರು. ವೀಣೆಯ ಬಿರಡೆಯನ್ನು ತಿರುಗಿಸುವವನಂತೆ ಅವರ ಗಮನವೆಲ್ಲ ಆಗ ಕಿವಿಯಲ್ಲಿತ್ತು.

ಇದು ಪಂಜರ ಸರಿದ ಸೈಕಲ್ಲಿನ ವೃತ್ತಾಂತ. ಆದರೆ ವ್ಯಾಧಿಯು ನೆಲವನ್ನನುಸರಿಸಿಯೂ ಬರುತ್ತದೆ. ನಾಲೆಯ ಬಯಲಿನಲ್ಲಿ, ಅದರಲ್ಲಿಯೂ ಕಬ್ಬಿನ ಲಾರಿ ಟ್ರ್ಯಾಕ್ಟರುಗಳು ಗದ್ದೆಯ ಕೆಸರನ್ನು ರಸ್ತೆಗೆ ತರುವ ಕಾಲದಲ್ಲಿ, ಚೈನು ದೊಡ್ಡದಕ್ಕೆ ಏರುತ್ತದೆ, ಚಿಕ್ಕದಕ್ಕೆ ಇಳಿಯಲೊಲ್ಲದು. ಗೇರಿನ ತಂತಿ ಪೆಡಲಿನ ಅಚ್ಚಿನ ಅಡಿಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ತೋಡಿನ ಮೂಲಕ ಹಾದುಹೋಗುತ್ತದೆ. ಮುಂಚಕ್ರ ಎರಚಿದ ಕೆಸರೆಲ್ಲ ಅಲ್ಲಿಯೇ ಕೂತು ಒಣಗಿ ಗಟ್ಟಿಯಾಗುತ್ತದೆ. ಎಳೆಯುವಾಗ ಕೈಯ ಬಲ ಅದನ್ನು ಮೀರುತ್ತದೆ. ಬಿಡುವಾಗ ಸ್ಪ್ರಿಂಗಿನ ಬಲ ಮೀರಲಾರದು. ಸವಾರನು ಸ್ಪ್ರಿಂಗು ಸತ್ತಿತೆಂದು ಹೊಸ ಗೇರನ್ನೇ ಕೊಳ್ಳಲು ಹೊರಡುತ್ತಾನೆ. ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದಿಷ್ಟು ನೀರು, ಒಣಗಿದ ಮೇಲೆ ಎರಡು ತೊಟ್ಟು ಎಣ್ಣೆ ಸಾಕಾಗುವ ಕೆಲಸಕ್ಕೆ ಸಾವಿರಾರು ರೂಪಾಯಿ ಖರ್ಚು ಮಾಡಿದವರನ್ನು ನಾನು ಬಲ್ಲೆ.

ನಾಗಮಂಗಲದ ಕಡೆಯ ಬೆದ್ದಲಿನಲ್ಲಿ ಶತ್ರು ಧೂಳು. ಅದು ಪಂಜರದ ಕೀಲುಗಳಲ್ಲಿ ಎಣ್ಣೆಯೊಡನೆ ಬೆರೆತು ಅರದ ಪುಡಿಯಂತಾಗಿ ಅವುಗಳನ್ನು ಸವೆಸುತ್ತದೆ. ಸವೆದ ಪಂಜರ ನೂಕುವ ಮೊದಲು ತಾನೇ ಓಲಾಡುತ್ತದೆ. ಇಲ್ಲಿ ಎಣ್ಣೆ ಹೆಚ್ಚಾಗುವುದೂ ದೋಷವೇ. ಕೃಷ್ಣರಾಜಪೇಟೆಯ ಕಡೆ, ಕಿಕ್ಕೇರಿಯ ದಾರಿಯಲ್ಲಿ ದಿಣ್ಣೆಗಳು ಒಂದರ ಹಿಂದೊಂದು ಬರುವುದರಿಂದ ಸವಾರನು ಮತ್ತೆ ಮತ್ತೆ ಗೇರು ಬದಲಿಸುತ್ತಾನೆ. ಹಿಡಿಯ ಒಳಗೆ, ತಂತಿ ಸುತ್ತಿ ಬಾಗುವ ಎಡೆಯಲ್ಲಿ, ಎಳೆಗಳು ಒಂದೊಂದಾಗಿ ಕಿತ್ತು ಬರುತ್ತವೆ. ಹೊರಗೆ ಏನೂ ಕಾಣದು. ದಿನದಿಂದ ದಿನಕ್ಕೆ ಗುಂಡಿಯನ್ನು ತಿರುಗಿಸಿ ಬಿಗಿ ಕೊಡಬೇಕಾಗಿ ಬಂದರೆ ತಂತಿ ಒಳಗೆ ಕಿತ್ತುಹೋಗುತ್ತಿದೆಯೆಂದು ತಿಳಿಯತಕ್ಕದ್ದು. ಅದು ಪೂರ್ತಿ ತುಂಡಾದ ಮೇಲೆ ಹಿಡಿಯೊಳಗೆ ಸಿಕ್ಕ ತಲೆಯನ್ನು ಹೊರತೆಗೆಯುವುದು ಮುಳ್ಳು ತೆಗೆಯುವುದಕ್ಕಿಂತ ಕಷ್ಟ.

ಮೇಲುಕೋಟೆಯ ಏರಿನಲ್ಲಿ ಬರುವ ದೋಷಕ್ಕೆ ಮಾತ್ರ ಯಾವ ಶಾಪಿನಲ್ಲಿಯೂ ಔಷಧವಿಲ್ಲ, ಏಕೆಂದರೆ ಅದು ಸೈಕಲ್ಲಿನದಲ್ಲ. ಸವಾರನು ಏರು ಎದುರಾಗುವವರೆಗೂ ದೊಡ್ಡ ಚಕ್ರದಲ್ಲಿಯೇ ಬಂದು, ಕಾಲು ಸೋತ ಕ್ಷಣದಲ್ಲಿ, ಮೈಭಾರವನ್ನೆಲ್ಲ ಪೆಡಲಿನ ಮೇಲೆ ಹಾಕಿಕೊಂಡೇ ಲಿವರನ್ನು ಒತ್ತುತ್ತಾನೆ. ಸೆಟೆದ ಚೈನು ಮೊದಲು ಕದಲುವುದಿಲ್ಲ, ಕದಲಿದಾಗ ಹದಿನಾರು ಹಲ್ಲುಗಳಷ್ಟು ಒಮ್ಮೆಗೇ ಬೀಳುವ ರಭಸದಲ್ಲಿ ಚಿಕ್ಕ ಚಕ್ರವನ್ನೂ ದಾಟಿ ಒಳಕ್ಕೆ ಬೀಳುತ್ತದೆ. ಏರಿಗೆ ಹತ್ತು ಮಾರು ಮುಂಚೆಯೇ, ತುಳಿತವನ್ನು ಅರೆಕ್ಷಣ ಹಗುರಮಾಡಿ ಬದಲಿಸಿದರೆ ಇದಾವುದೂ ಇಲ್ಲ. ಗಾಡಿ ಹೊಡೆಯುವವನು ದಿಬ್ಬದ ನಡುವೆ ಎತ್ತುಗಳನ್ನು ಗದರಿಸುತ್ತಿರಲಿಲ್ಲ; ದಿಬ್ಬ ಕಾಣುತ್ತಲೇ ಹುರಿದುಂಬಿಸಿಬಿಡುತ್ತಿದ್ದನು.

ಮುಂದಿನ ಗೇರಿನ ಆಯುಸ್ಸೇ ತೀರುತ್ತ ಬಂದಿದೆಯೆಂದು ಬಲ್ಲವರು ಹೇಳುತ್ತಾರೆ. ಬೆಟ್ಟದ ಸೈಕಲ್ಲುಗಳಲ್ಲಿ ಮುಂದೆ ಒಂದೇ ಚಕ್ರವಿಟ್ಟು ಹಿಂದೆ ಹತ್ತು ಹನ್ನೆರಡನ್ನು ಜೋಡಿಸುವ ಪದ್ಧತಿ ಈಗಾಗಲೇ ನೆಲೆನಿಂತಿದೆ. ದುಬಾರಿಯ ರೋಡ್ ಬೈಕುಗಳಲ್ಲಿ ತಂತಿಯ ಬದಲು ಬ್ಯಾಟರಿಯಿಂದ ನಡೆಯುವ ಗೇರು ಬಂದಿದೆ, ಅದಕ್ಕೆ ಶಾಪಿನವನ ಕಿವಿಯ ಅಗತ್ಯವಿಲ್ಲ. ಆದರೆ ಕೈ ಬದಲಾಯಿಸಿ ಬರುವ ಹಳೆಯ ಸೈಕಲ್ಲುಗಳು ಈ ಸೀಮೆಯ ಊರುಗಳಿಗೆ ಈಗಷ್ಟೇ ಬರತೊಡಗಿವೆ; ಮೈಸೂರಿನಲ್ಲಿ ಓದಲು ಹೋದ ಹುಡುಗ ಅಲ್ಲಿ ಅಗ್ಗಕ್ಕೆ ಕೊಂಡದ್ದನ್ನು ಊರಿಗೆ ತರುತ್ತಾನೆ. ಅವನಿಗೆ ಎದುರಾಗುವ ಮೊದಲ ತೊಡಕು ಸಾಮಾನಿನದು. ಸೈಕಲ್ ಶಾಪಿನಲ್ಲಿ ಸಿಗುವುದು ಬ್ರೇಕ್ ವೈರು. ಅದರ ತಲೆ ದಪ್ಪ, ಎಳೆಯೂ ದಪ್ಪ, ಒಂದೂವರೆ ಮಿಲಿಮೀಟರ್. ಗೇರಿನದು ಒಂದೂಕಾಲಕ್ಕೂ ಕಡಿಮೆ, ತಲೆ ಚಿಕ್ಕದು. ಬ್ರೇಕ್ ವೈರಿನ ತಲೆಯನ್ನು ಅರದಿಂದ ಉಜ್ಜಿ ಗೇರಿಗೆ ಕೂರಿಸುವ ಪ್ರಯತ್ನವನ್ನು ಪಾಂಡವಪುರದ ಯಜಮಾನರು ಒಮ್ಮೆ ಮಾಡಿ ಕೈಬಿಟ್ಟರಂತೆ: ತಲೆ ಕೂತಿತು, ಆದರೆ ದಪ್ಪ ತಂತಿ ಕೊಳವೆಯಲ್ಲಿ ಸರಾಗವಾಗಿ ಓಡಲಿಲ್ಲ. ಈಗ ಟೈರು ಟ್ಯೂಬು ತರಲು ಮೈಸೂರಿಗೆ ಹೋದಾಗಲೆಲ್ಲ ಗೇರ್ ವೈರಿನ ಒಂದೆರಡು ಸುರುಳಿ ತಂದಿಡುತ್ತಾರೆ, ನಾಗಮಂಗಲದಿಂದಲೂ ಕೃಷ್ಣರಾಜಪೇಟೆಯಿಂದಲೂ ಅದನ್ನು ಕೇಳಿಕೊಂಡು ಹುಡುಗರು ಬರುತ್ತಾರೆ.